ಎರಡು ದಿನದ ಪೇಪರ್ ಜಗಲಿಯಲ್ಲೇ ಬಿದ್ದಿದ್ದರೆ ಒಮ್ಮೆ ಕೂಗಿ

ಸಂಪಾದಕರಿಗೆ ನಮಸ್ಕಾರ.

ನಾನು ಕಾಪು ಕಡೆಯ ಒಂದು ಹಳ್ಳಿಯಲ್ಲಿ 37 ವರ್ಷ ಟಪಾಲು ಹಂಚಿದವನು. ಈಗ ನಿವೃತ್ತ. ಹೆಂಡತಿ ತೀರಿಕೊಂಡು ಮೂರು ವರ್ಷ ಆಯಿತು. ಮಗ ಬೆಂಗಳೂರಿನಲ್ಲಿ, ಮಗಳು ಮದುವೆಯಾಗಿ ಪುಣೆಯಲ್ಲಿ. ಮನೆಯಲ್ಲಿ ನಾನೊಬ್ಬನೇ. ಹೋದ ಸೋಣ (ಆಗಸ್ಟ್-ಸೆಪ್ಟೆಂಬರ್) ತಿಂಗಳಲ್ಲಿ ನಮ್ಮ ಪಕ್ಕದ ಬೈಲಿನಲ್ಲಿ ಒಂದು ಸಂಗತಿ ನಡೆಯಿತು. ಅದು ಮತ್ತು ಅದರ ನಂತರ ಊರಿನವರು ಆಡಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಲ್ಲಿ ಒಬ್ಬರು ಅಜ್ಜಿ ಒಬ್ಬರೇ ಇದ್ದರು. 78 ವರ್ಷ. ಜೊತೆಗೆ ಒಂದು ಬೆಕ್ಕು. ಒಂದು ದಿನ ಮಧ್ಯಾಹ್ನ ಬಚ್ಚಲಲ್ಲಿ ಕಾಲು ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಎಷ್ಟು ಕೂಗಿದರೂ ಯಾರಿಗೂ ಕೇಳಿಸಲಿಲ್ಲ, ಯಾಕೆಂದರೆ ಆಚೆಮನೆ ಈಚೆಮನೆ ಎರಡಕ್ಕೂ ಬೀಗ ಬಿದ್ದು ವರ್ಷಗಳಾಗಿವೆ. ಸಂಜೆ ಆಯಿತು, ರಾತ್ರಿ ಆಯಿತು, ಬೆಳಗಾಯಿತು. ಹತ್ತು ಗಂಟೆಗೆ ಮೊಪೆಡ್‌ನಲ್ಲಿ ಮೀನು ಮಾರುವ ಹುಡುಗ ಗೇಟಿನ ಹತ್ತಿರ ಬಂದು ಹಾರ್ನ್ ಹಾಕಿದ. ಅಜ್ಜಿ ದಿನಾ ಬೆಕ್ಕಿಗೆ ಅಂತ ನಾಲ್ಕು ಬೂತಾಯಿ ತೆಗೆದುಕೊಳ್ಳುವವರು. ಆ ದಿನ ಬೆಕ್ಕು ಮಾತ್ರ ಓಡಿ ಬಂತು. ಅವನು ಇನ್ನೊಂದು ಸಲ ಹಾರ್ನ್ ಹಾಕಿದ, ಕಾದ, ಮೊಪೆಡ್ ಸ್ಟಾಂಡ್ ಹಾಕಿ ಅಂಗಳಕ್ಕೆ ಹೋದ. ಹಾಗೆ ಅಜ್ಜಿ ಉಳಿದರು.

ಆಸ್ಪತ್ರೆ, ಆಪರೇಷನ್ ಎಲ್ಲ ಆಯಿತು. ಊರಲ್ಲಿ ಆಮೇಲೆ ಎರಡೇ ಮಾತು. ಮಕ್ಕಳಿಗೆ ನಾಚಿಕೆ ಆಗಬೇಕು ಅಂತ ಒಂದು. ಈ ವಯಸ್ಸಲ್ಲಿ ಒಬ್ಬರೇ ಇರುವ ಹಟ ಯಾಕೆ ಅಂತ ಇನ್ನೊಂದು. ಮಕ್ಕಳು ಅವರನ್ನು ಮುಂಬೈಗೆ ಕರೆದುಕೊಂಡು ಹೋದರು. ಒಳ್ಳೆಯ ಮಕ್ಕಳೇ, ಅದರಲ್ಲಿ ಸಂಶಯ ಇಲ್ಲ. ಮೊನ್ನೆ ಅಜ್ಜಿ ನನಗೆ ಫೋನ್ ಮಾಡಿದ್ದರು. "ಪೋಸ್ಟಣ್ಣಾ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಎಲ್ಲ ಹೋದರೆ ರಾತ್ರಿ ಎಂಟಕ್ಕೆ ಬರುತ್ತಾರೆ. ಹದಿನಾಲ್ಕನೇ ಮಾಳಿಗೆ. ಕಿಟಕಿಯಲ್ಲಿ ನೋಡಿದರೆ ಕಾಗೆ ಕೂಡ ಕೆಳಗೆ ಹಾರುವುದು ಕಾಣುತ್ತದೆ. ಬೆಕ್ಕಿಗೆ ಮೀನು ಯಾರು ಹಾಕುತ್ತಾರೆ?" ನಾನು ಹಾಕುತ್ತೇನೆ ಅಂದೆ. ಹಾಕುತ್ತಿದ್ದೇನೆ.

ಅವರು ಊರಿನಲ್ಲಿ ಹತ್ತು ವರ್ಷ ಒಬ್ಬರೇ ಇದ್ದರು, ಒಂದು ದಿನವೂ ಬೇಜಾರು ಅಂದವರಲ್ಲ. ಈಗ ಮನೆ ತುಂಬ ಜನ ಇದ್ದಾರೆ, ಹನ್ನೊಂದೂವರೆ ಗಂಟೆ ಮಾತಾಡಲು ಒಬ್ಬರಿಲ್ಲ. ಒಬ್ಬರೇ ಇರುವುದನ್ನೂ ಯಾರೂ ಇಲ್ಲ ಅನ್ನಿಸುವುದನ್ನೂ ನಾವು ಒಂದೇ ಅಂತ ತಿಳಿದುಕೊಂಡಿದ್ದೇವೆ. ಊರೂರು ತಿರುಗಿದ ನನಗೆ ಹಾಗೆ ಕಂಡಿಲ್ಲ.

ನಮ್ಮ ಉಡುಪಿ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ 1,000 ಗಂಡಸರಿಗೆ 1,094 ಹೆಂಗಸರು. ಇಡೀ ಕರ್ನಾಟಕದಲ್ಲೇ ಜಾಸ್ತಿ. ಇದನ್ನು ಭಾಷಣದಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಟಪಾಲು ಚೀಲ ಹೊತ್ತವನಿಗೆ ಆ ಲೆಕ್ಕದ ಇನ್ನೊಂದು ಮುಖವೂ ಗೊತ್ತು. ಗಂಡಸರು ಊರಲ್ಲಿ ಇರಲಿಲ್ಲ. ಬೊಂಬಾಯಿಯ ಹೋಟೆಲು, ಕ್ಯಾಂಟೀನು, ಆಮೇಲೆ ದುಬೈ, ಮಸ್ಕತ್, ಕುವೈತ್. 1998ರಲ್ಲಿ ಕೊಂಕಣ ರೈಲು ಪೂರ್ತಿ ಆದ ಮೇಲೆ ಬಂದು ಹೋಗುವುದು ಸುಲಭ ಆಯಿತು, ಆದರೆ ಬಂದು ಉಳಿದವರು ಕಡಿಮೆ. ಮನೆಯಲ್ಲಿ ಉಳಿದದ್ದು ಅಮ್ಮ, ಅತ್ತೆ, ಮದುವೆಯಾಗದ ಅಕ್ಕ. ಹೀಗಿರುವಾಗ ಒಬ್ಬರೇ ಇರುವುದು ನಮ್ಮ ಊರಿಗೆ ಹೊಸದಲ್ಲ, ಎರಡು ಮೂರು ತಲೆಮಾರಿನಿಂದ ಉಂಟು. ಹಾಗಾದರೆ ಆಗ ಅವರು ಹೇಗೆ ತಡೆದುಕೊಂಡರು?

ಊರು ಬಿಟ್ಟವರು ಅಂಚೆಯಲ್ಲಿ ಮನೆಗೆ ಹಣ ಕಳಿಸುತ್ತಿದ್ದ ಮನಿಯಾರ್ಡರ್ ವಿಷಯ ಹೇಳುತ್ತೇನೆ. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

ತಿಂಗಳ ಮೊದಲ ವಾರ ನಾನು ಗದ್ದೆಯ ಬದುವಿನಲ್ಲಿ ಬರುವುದನ್ನು ದೂರದಿಂದಲೇ ನೋಡಿ ಅವರು ಜಗಲಿಯಲ್ಲಿ ಚಾಪೆ ಹಾಕುತ್ತಿದ್ದರು. ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ನಾನು ನೋಟು ಎಣಿಸಿ ಚಾಪೆಯ ಮೇಲೆ ಇಡಬೇಕು, ಅವರು ಮತ್ತೆ ಎಣಿಸಬೇಕು. ಫಾರಂನ ಕೆಳಗೆ ಒಂದು ಸಣ್ಣ ಚೀಟಿ ಇರುತ್ತಿತ್ತು, ಕೂಪನ್ ಅಂತ, ಅದರಲ್ಲಿ ಮಗ ಎರಡು ಸಾಲು ಬರೆದಿರುತ್ತಿದ್ದ. ಹಣ ಕಳುಹಿಸಿದ್ದೇನೆ, ಮಳೆಗೆ ಮೊದಲು ಹಂಚು ಕೈಯಾಡಿಸಿ, ಮಂಡಿ ನೋವಿಗೆ ಎಣ್ಣೆ ತೆಗೆದುಕೊಳ್ಳಿ. ಅದನ್ನು ನಾನು ಓದಬೇಕು. ಎರಡು ಸಲ. ಕೆಲವರು ಮೂರನೇ ಸಲ ಓದಿಸುತ್ತಿದ್ದರು, ಆ ಸಾಲು ಅವರಿಗೆ ಆಗಲೇ ಬಾಯಿಪಾಠ ಆಗಿರುತ್ತಿತ್ತು. ಆಮೇಲೆ ಆ ಚೀಟಿ ಹೋಗಿ ಬಿಸ್ಕತ್ತಿನ ಡಬ್ಬಿಯಲ್ಲಿ ಕೂರುತ್ತಿತ್ತು. ಒಬ್ಬರ ಡಬ್ಬಿಯಲ್ಲಿ 20 ವರ್ಷದ ಕೂಪನ್ ಇತ್ತು, ರಬ್ಬರ್ ಬ್ಯಾಂಡ್ ಹಾಕಿ, ವರ್ಷವಾರು.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೆ ಪಕ್ಕದಲ್ಲಿ ಓದುಬರಹ ಬಲ್ಲ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಅದು ಅಂಚೆ ಇಲಾಖೆಯ ನಿಯಮ. ಹಾಗಾಗಿ ಮನಿಯಾರ್ಡರ್ ಬಂದ ದಿನ ನೆರೆಮನೆಯವರೂ ಬರಲೇಬೇಕು. ನನ್ನ ರೂಟಿನಲ್ಲಿ ಇಬ್ಬರು ಹೆಂಗಸರಿದ್ದರು. ತೆಂಗಿನ ಮರದ ಗಡಿ ವಿಷಯದಲ್ಲಿ ಜಗಳವಾಗಿ ಮಾತು ಬಿಟ್ಟು ಒಂಬತ್ತು ವರ್ಷ. ಒಬ್ಬರಿಗೆ ಸಹಿ ಬರುತ್ತಿರಲಿಲ್ಲ, ಇನ್ನೊಬ್ಬರು ಐದನೇ ಕ್ಲಾಸು ಓದಿದವರು. ಸುತ್ತ ಬೇರೆ ಮನೆ ಇಲ್ಲ. ನಾನು ಬೇಲಿಯ ಹತ್ತಿರ ನಿಂತು ಕರೆದರೆ ಅವರು ಬರುತ್ತಿದ್ದರು, ಮುಖ ಆಚೆ ಮಾಡಿ ಸಹಿ ಹಾಕಿ ಹೋಗುತ್ತಿದ್ದರು. ಒಂದು ಮಳೆಗಾಲ, ಜೋರು ಮಳೆ, ಸಹಿ ಹಾಕಿದವರು ಹೊರಡುವ ಹಾಗಿಲ್ಲ. ಮೂವರೂ ಜಗಲಿಯಲ್ಲಿ ಕೂತೆವು. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮನೆಯವರು ಒಳಗಿನಿಂದ ಎರಡು ಲೋಟ ಕಷಾಯ ತಂದರು. ಒಂದು ನನಗೆ. ಇನ್ನೊಂದನ್ನು ಚಾಪೆಯ ಆ ತುದಿಯಲ್ಲಿ ಇಟ್ಟರು, ಏನೂ ಹೇಳದೆ. ಅವರು ಕುಡಿದರು. ಮುಂದಿನ ತಿಂಗಳು ನಾನು ಹೋಗುವಾಗ ಇಬ್ಬರೂ ಒಂದೇ ಚಾಪೆಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು.

ಈಗ ಹಣ ಖಾತೆಗೆ ಹೋಗುತ್ತದೆ. ಸರ್ಕಾರ ಹಿರಿಯರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯೂ ಮೊದಲು ನಮ್ಮ ಕೈಯಲ್ಲೇ ಮನೆಗೆ ಹೋಗುತ್ತಿತ್ತು, ಈಗ ಬ್ಯಾಂಕಿಗೆ ಹೋಗುತ್ತದೆ. ಇದು ಒಳ್ಳೆಯದೇ. ಮನಿಯಾರ್ಡರ್ ಕಾಲದಲ್ಲಿ ಕೆಲವು ಕಡೆ ಹತ್ತು ಇಪ್ಪತ್ತು ಹಿಡಿದುಕೊಂಡು ಕೊಡುವವರಿದ್ದರು, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಳೆಯದು ವಾಪಸು ಬರಲಿ ಅಂತ ನಾನು ಹೇಳುತ್ತಿಲ್ಲ. ಆದರೆ ಹಣದ ಜೊತೆ ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಬರುತ್ತಿದ್ದ, ಸಾಕ್ಷಿಗೆ ಇನ್ನೊಬ್ಬರು ಬರುತ್ತಿದ್ದರು. ಹಣಕ್ಕೆ ಬೇರೆ ದಾರಿ ಮಾಡಿದೆವು. ಬರುವ ಮನುಷ್ಯನಿಗೆ ಮಾಡಲಿಲ್ಲ. ಬೀಡಿ ಕಟ್ಟುವವರದ್ದೂ ಹೀಗೇ. ಕೆಲಸ ಕಡಿಮೆಯಾಗಿ, ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಹೋಗುವುದು ಕಡಿಮೆ ಆಯಿತು. ಸಂಪಾದನೆ ಕಡಿಮೆಯಾದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬ್ರಾಂಚಿನ ಮೆಟ್ಟಿಲಲ್ಲಿ ಕೂತು ಆಡುತ್ತಿದ್ದ ಮಾತು ಹೋದ ಬಗ್ಗೆ ಯಾರೂ ಕೇಳುವುದಿಲ್ಲ.

ಹಾಗಂತ ಒಬ್ಬರೇ ಇರುವವರನ್ನೆಲ್ಲ ಪಾಪ ಅನ್ನುವುದು ಬೇಡ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ.

ಶಂಕರಪುರ ಕಡೆ ನನಗೆ ಗೊತ್ತಿರುವ ಒಬ್ಬರು ಅಕ್ಕ ಇದ್ದಾರೆ. 28 ವರ್ಷ ಕುವೈತಿನಲ್ಲಿ ನರ್ಸ್. ಮದುವೆ ಆಗಿಲ್ಲ. ತಮ್ಮಂದಿರ ಮಕ್ಕಳನ್ನೆಲ್ಲ ಓದಿಸಿದವರು. ವಾಪಸು ಬಂದು ಸಣ್ಣ ಮನೆ ಕಟ್ಟಿ, ಹಿಂದುಗಡೆ ಮಲ್ಲಿಗೆ ಗಿಡ ಹಾಕಿ ಒಬ್ಬರೇ ಇದ್ದಾರೆ. ಊರವರಿಗೆ ಇದು ಅರ್ಥವೇ ಆಗುವುದಿಲ್ಲ. ತಮ್ಮನ ಮನೆ ಅಷ್ಟು ದೊಡ್ಡದಿದೆ, ಅಲ್ಲಿ ಯಾಕಿಲ್ಲ? ಏನಾದರೂ ಜಗಳವಾ? ತಲೆಗೆ ಏನಾದರೂ ಆಗಿದೆಯಾ? ಅವರು ನನ್ನ ಹತ್ತಿರ ಹೇಳಿದ್ದು ಇಷ್ಟೇ. "ಅಲ್ಲಿ ಒಂದು ರೂಮಿನಲ್ಲಿ ಆರು ಜನ ಇದ್ದೆವು. ಒಬ್ಬರು ಮಲಗುವಾಗ ಇನ್ನೊಬ್ಬರಿಗೆ ಡ್ಯೂಟಿ. ಲೈಟು ಆರಿಸಿದ ರಾತ್ರಿ ಅಂತ ಒಂದು ಇರಲಿಲ್ಲ. ಈಗ ನಾನೇ ಲೈಟು ಹಾಕುತ್ತೇನೆ, ನಾನೇ ಆರಿಸುತ್ತೇನೆ." ಬೆಳಿಗ್ಗೆ ಕತ್ತಲೆ ಇರುವಾಗಲೇ ಎದ್ದು ಮೊಗ್ಗು ಕೊಯ್ಯುತ್ತಾರೆ. ಬಾಳೆನಾರನ್ನು ನೀರಲ್ಲಿ ನೆನೆಸಿಟ್ಟಿರುತ್ತಾರೆ, ಹದ ತಪ್ಪಿದರೆ ನಾರು ತುಂಡಾಗುತ್ತದೆ. ಒಬ್ಬರೇ ಕೂತು ಕಟ್ಟುತ್ತಾರೆ. ರೇಡಿಯೋ ಕೂಡ ಇಲ್ಲ. ಹೂವು ಒಯ್ಯುವ ಹುಡುಗ ಬಂದಾಗ ಚೆಂಡು ಎಣಿಸಿ ಕೊಟ್ಟು, ಇವತ್ತು ಅಟ್ಟೆಗೆ (ನಾಲ್ಕು ಚೆಂಡಿಗೆ) ರೇಟು ಎಷ್ಟು ಅಂತ ಕೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಮುಖದಲ್ಲಿ ಇರುವ ಸಮಾಧಾನ ನಾನು ಬೇರೆ ಮನೆಗಳಲ್ಲಿ ಕಂಡದ್ದು ಕಡಿಮೆ. ಅಂಥವರ ಮನೆಗೆ ಹೋಗಿ ಎರಡು ಗಂಟೆ ಕೂತು, ನಿಮಗೆ ಹೆದರಿಕೆ ಆಗುವುದಿಲ್ವಾ, ಬೇಜಾರು ಆಗುವುದಿಲ್ವಾ ಅಂತ ಕೇಳಿ ಕೇಳಿ ಹೆದರಿಸುವುದನ್ನು ಜನ ದಯವಿಟ್ಟು ನಿಲ್ಲಿಸಬೇಕು.

ನಮಗೆ ಇದು ತಿಳಿಯದ ವಿಷಯ ಏನಲ್ಲ. ಕಾರ್ಕಳದಲ್ಲಿ 1432ರಿಂದ 42 ಅಡಿಯ ಬಾಹುಬಲಿ ಒಬ್ಬನೇ ನಿಂತಿದ್ದಾನೆ, ಕಾಲಿಗೆ ಬಳ್ಳಿ ಸುತ್ತಿಕೊಂಡರೂ ಕದಲದೆ. 2015ರ ಮಸ್ತಕಾಭಿಷೇಕಕ್ಕೆ ನಾನೂ ಹೆಂಡತಿಯೂ ಹೋಗಿದ್ದೆವು, ಜನಸಾಗರ. ಮಂಗಳೂರಿನಲ್ಲಿ 1870ರಲ್ಲಿ ಫ್ರಾನ್ಸ್‌ನಿಂದ ಬಂದ ಸನ್ಯಾಸಿನಿಯರು ಶುರು ಮಾಡಿದ ಕಾರ್ಮೆಲ್ ಮಠ ಇದೆ, ಒಳಗೆ ಸೇರಿದವರು ಮೌನ, ಪ್ರಾರ್ಥನೆ ಅಂತ ಅಲ್ಲೇ ಜೀವನ ಕಳೆಯುತ್ತಾರೆ. ಏಕಾಂತಕ್ಕೆ ಅಂತ ಹೋದವರನ್ನು ನಾವು ಕೈಮುಗಿದು ನೋಡುತ್ತೇವೆ. ಅದೇ ಒಬ್ಬಳು ಹೆಂಗಸು ಮಲ್ಪೆಯಲ್ಲೋ ತಣ್ಣೀರುಬಾವಿಯಲ್ಲೋ ಸಂಜೆ ಸಮುದ್ರ ನೋಡುತ್ತ ಒಬ್ಬಳೇ ಕೂತರೆ, ಹತ್ತು ನಿಮಿಷದಲ್ಲಿ ಯಾರಾದರೂ ಬಂದು ವಿಚಾರಿಸುತ್ತಾರೆ. ಅವಳು ಸುಮ್ನೆ ಕೂತಿರಬಹುದು ಅಲ್ವಾ?

ನನಗೂ ಈ ರುಚಿ ಗೊತ್ತು. ಸಣ್ಣವನಿದ್ದಾಗ ಮಟಮಟ ಮಧ್ಯಾಹ್ನ ಒಬ್ಬನೇ ಗುಡ್ಡೆಗೆ ಹೋದರೆ ಕುಲೆ (ಪ್ರೇತ) ಹಿಡಿಯುತ್ತದೆ ಅಂತ ಹೆದರಿಸುತ್ತಿದ್ದರು. ಕೆಲಸಕ್ಕೆ ಸೇರಿದ ಮೇಲೆ ದಿನಾ ಅದೇ ಹೊತ್ತಿಗೆ ಅದೇ ಗುಡ್ಡೆ ದಾಟಬೇಕಾಯಿತು. ಮೊದಲ ಆರು ತಿಂಗಳು ಹಾಡು ಹೇಳಿಕೊಂಡು ದಾಟುತ್ತಿದ್ದೆ. ಆಮೇಲೆ ಹೆದರಿಕೆ ಎಲ್ಲಿ ಹೋಯಿತೋ. ಮೇಲೆ ಕಪ್ಪು ಪಾರೆ, ಪಕ್ಕದಲ್ಲಿ ಒಂದು ಗೇರು ಮರ. ಅಲ್ಲಿ ಚೀಲ ಇಳಿಸಿ, ಬುತ್ತಿ ಬಿಚ್ಚಿ, ಹತ್ತು ನಿಮಿಷ ಕೂರುತ್ತಿದ್ದೆ. ಮಳೆ ಬಿಟ್ಟ ಸಮಯದಲ್ಲಿ ಪಾರೆ ತುಂಬ ಸಣ್ಣ ಸಣ್ಣ ನೀಲಿ ಹೂವು. ದೂರದಲ್ಲಿ ಕಡಲಿನ ಒಂದು ಗೆರೆ. ಆ ಹತ್ತು ನಿಮಿಷ ಪೂರ್ತಿ ನನ್ನದು. ಈಗ ಯೋಚನೆ ಮಾಡಿದರೆ ಅದು ಅಷ್ಟು ಹಿತವಾಗಿದ್ದದ್ದು ಯಾಕೆ ಅಂತ ಗೊತ್ತಾಗುತ್ತದೆ. ಗುಡ್ಡೆಯ ಈ ಕಡೆ 60 ಮನೆ ಮುಗಿಸಿ ಬಂದಿರುತ್ತಿದ್ದೆ, ಆ ಕಡೆ 60 ಮನೆ ನನ್ನ ದಾರಿ ನೋಡುತ್ತಿತ್ತು.

ಹೆಂಡತಿ ಹೋದ ಮೇಲೆ ಅದೇ ಮೌನ ಮನೆಯೊಳಗೆ ಬಂತು. ಅದು ಗುಡ್ಡೆಯ ಮೌನದ ಹಾಗೆ ಇರಲಿಲ್ಲ. ಹಗಲು ಹೇಗೋ ಹೋಗುತ್ತದೆ. ಸಂಜೆ ಆರರಿಂದ ಎಂಟು, ದೀಪ ಹಚ್ಚಿದ ಮೇಲಿನ ಎರಡು ಗಂಟೆ, ಅದು ಕಷ್ಟ. ಮೊದಮೊದಲು ಟಿವಿ ಹಾಕಿ ಬೇರೆ ಕೋಣೆಯಲ್ಲಿ ಕೂರುತ್ತಿದ್ದೆ, ಮನುಷ್ಯರ ಸ್ವರ ಕೇಳಲಿ ಅಂತ. ಅಡುಗೆಯೂ ಹಾಗೆಯೇ. ಕುಚ್ಚಲಕ್ಕಿ ಗಂಜಿಯನ್ನು ಒಬ್ಬರಿಗೆ ಅಂತ ಮಾಡಬಹುದು. ಒಬ್ಬರಿಗೆ ಅಂತ ಪುಂಡಿ (ಅಕ್ಕಿ ಕಡುಬು) ಮಾಡಲು ಆಗುವುದಿಲ್ಲ, ಒಬ್ಬರಿಗೆ ಅಂತ ಮಸಾಲೆ ಅರೆಯಲು ಮನಸ್ಸು ಬರುವುದಿಲ್ಲ. ಒಡೆದ ತೆಂಗಿನಕಾಯಿಯ ಅರ್ಧ ಭಾಗ ಯಾವಾಗಲೂ ಉಳಿಯುತ್ತದೆ. ಆ ಅರ್ಧ ಕಾಯಿ ನೋಡಿದಾಗ ಅವಳ ನೆನಪು ಆಗುವಷ್ಟು ಅವಳ ಫೋಟೋ ನೋಡಿದಾಗ ಆಗುವುದಿಲ್ಲ.

ಒಂದು ದಿನ ಬ್ರಾಂಚ್ ಪೋಸ್ಟಾಫೀಸಿಗೆ ಹೋಗಿ 20 ಪೋಸ್ಟ್ ಕಾರ್ಡ್ ತಂದೆ. ಕಾರ್ಡಿಗೆ 50 ಪೈಸೆ, ಒಟ್ಟು ಹತ್ತೇ ರೂಪಾಯಿ. ಈಗ ದಿನಾ ಆ ಆರರಿಂದ ಎಂಟರ ಒಳಗೆ ಒಂದು ಕಾರ್ಡು ಬರೆಯುತ್ತೇನೆ. ನನ್ನ ಹಳೆಯ ರೂಟಿನ ಮನೆಗಳಿಗೆ, ಊರು ಬಿಟ್ಟ ಮಕ್ಕಳಿಗೆ, ಮುಂಬೈಯ ಅಜ್ಜಿಗೆ. ದೊಡ್ಡ ವಿಷಯ ಏನಿಲ್ಲ. ನಿಮ್ಮ ಹಿತ್ತಲಿನ ಹಲಸು ಈ ವರ್ಷ ಬೇಗ ಆಗಿದೆ, ಕಾಲುಸಂಕ ತೆಗೆದು ಸಿಮೆಂಟಿನ ಸೇತುವೆ ಹಾಕಿದ್ದಾರೆ, ಇಂಥದ್ದೇ. ಉತ್ತರ ಬರೆಯುವವರು ಕಡಿಮೆ, ಆದರೆ ಕಾರ್ಡಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, ಸಿಕ್ಕಿತು ಅಂಕಲ್ ಅನ್ನುತ್ತಾರೆ. ಅದೂ ಸಂತೋಷವೇ. ಬರೆಯುವಾಗ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಈ ಒಂಟಿತನ ಬರೇ ಮುದುಕರ ಕಾಯಿಲೆಯೂ ಅಲ್ಲ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಬಂತಲ್ಲ, ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಅಂತ. 13ರಿಂದ 29 ವರ್ಷದವರಲ್ಲಿ ಅದು ಇನ್ನೂ ಜಾಸ್ತಿ. ನನ್ನ ಅಕ್ಕನ ಮೊಮ್ಮಗಳು ಮಂಗಳೂರಿನಲ್ಲಿ ಪಿಜಿಯಲ್ಲಿ ಇದ್ದಾಳೆ, ಒಂದು ಕೋಣೆಯಲ್ಲಿ ನಾಲ್ವರು, ನಾಲ್ವರ ಕಿವಿಯಲ್ಲೂ ಇಯರ್‌ಫೋನ್. ಅವಳಿಗೂ ಕಾರ್ಡು ಹಾಕುತ್ತೇನೆ.

ಬ್ರಿಟನ್ನಿನಲ್ಲಿ 2018ರಲ್ಲಿ, ಜಪಾನ್‌ನಲ್ಲಿ 2021ರಲ್ಲಿ ಇದಕ್ಕೆ ಅಂತಲೇ ಮಂತ್ರಿಯನ್ನು ಇಟ್ಟರು. ನಮಗೆ ಮಂತ್ರಿ ಬೇಕು ಅಂತ ನಾನು ಕೇಳುವುದಿಲ್ಲ. ಆದರೆ ಜಪಾನ್ ಮತ್ತು ಫ್ರಾನ್ಸ್‌ನ ಅಂಚೆಯವರು 2017ರಿಂದ ಮಾಡುತ್ತಿರುವ ಒಂದು ಕೆಲಸ ಇದೆ. ಒಬ್ಬರೇ ಇರುವ ಹಿರಿಯರ ಮನೆಗೆ ಅಂಚೆ ಕಚೇರಿಯವರು ಹೋಗಿ ಮಾತಾಡಿಸಿ, ಹೇಗಿದ್ದಾರೆ ಅಂತ ಮಕ್ಕಳಿಗೆ ತಿಳಿಸುತ್ತಾರೆ. ಅದಕ್ಕೆ ಶುಲ್ಕ ಉಂಟು. ನಮ್ಮಲ್ಲೂ ನವೆಂಬರ್‌ನಲ್ಲಿ ಪಿಂಚಣಿದಾರರ ಮನೆಗೆ ಪೋಸ್ಟ್‌ಮ್ಯಾನ್ ಹೋಗಿ, 70 ರೂಪಾಯಿಗೆ ಬೆರಳಚ್ಚು ತೆಗೆದು, ಇವರು ಬದುಕಿದ್ದಾರೆ ಅಂತ ಜೀವನ ಪ್ರಮಾಣ ಪತ್ರ ಮಾಡಿಕೊಡುತ್ತಾನೆ. ವ್ಯವಸ್ಥೆ ಇದೆ, ಯಂತ್ರ ಇದೆ, ದಾರಿ ಗೊತ್ತಿರುವ ಮನುಷ್ಯ ಇದ್ದಾನೆ. ವರ್ಷಕ್ಕೊಮ್ಮೆ ಹೋಗುವವನು ವಾರಕ್ಕೊಮ್ಮೆ ಹೋಗುವ ಹಾಗೆ ಮಾಡಿದರೆ ಆಗದಾ? ಗ್ರಾಮ ಪಂಚಾಯತಿನವರು ಒಬ್ಬರೇ ಇರುವವರ ಪಟ್ಟಿ ಮಾಡಬೇಕು, ಅವರ ಒಪ್ಪಿಗೆ ಕೇಳಿಯೇ. ಬೇಡ ಅಂದವರನ್ನು ಬಿಡಬೇಕು. ಹೋಗುವವರಿಗೆ ಸರಿಯಾದ ಸಂಬಳ ಕೊಡಬೇಕು. ಹಳ್ಳಿಯ ಅಂಚೆ ಸೇವಕನಿಗೆ ನಾಲ್ಕೈದು ಗಂಟೆಯ ಲೆಕ್ಕದ ಸಂಬಳ, ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಆಗಲೇ ಹತ್ತು ಕೆಲಸ. ಸೇವೆ ಅಂತ ಹೇಳಿ ಬಿಟ್ಟಿ ದುಡಿಸಿದರೆ ಮೂರು ತಿಂಗಳಲ್ಲಿ ನಿಂತು ಹೋಗುತ್ತದೆ. ಹಿರಿಯರಿಗೆ 14567 ಅಂತ ಸಹಾಯವಾಣಿ ಉಂಟು, ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಯಾವ ವಯಸ್ಸಿನವರೂ ಮಾಡಬಹುದು. ಈ ಎರಡು ನಂಬರನ್ನು ನೀವು ಆಗಾಗ ಪತ್ರಿಕೆಯಲ್ಲಿ ಹಾಕಿ. ಆದರೆ ಬಚ್ಚಲಲ್ಲಿ ಬಿದ್ದವರ ಕೈಗೆ ಫೋನ್ ಸಿಗುವುದಿಲ್ಲ.

ಅದಕ್ಕೆ ಸಂಪಾದಕರೇ, ನಾನು ನಿಜವಾಗಿ ಕೇಳಲು ಬಂದದ್ದು ಸರ್ಕಾರದ ಹತ್ತಿರ ಅಲ್ಲ, ನಿಮ್ಮ ಹತ್ತಿರ. ಈಗ ನಮ್ಮ ಊರಿನಲ್ಲಿ ದಿನಾ ತಪ್ಪದೆ ಮನೆಮನೆಗೆ ಬರುವವರು ಯಾರು ಅಂತ ಲೆಕ್ಕ ಹಾಕಿದೆ. ಹಾಲಿಗೆ ಈಗ ನಾವೇ ಅಂಗಡಿಗೆ ಹೋಗುತ್ತೇವೆ. ಟಪಾಲು ದಿನಾ ಇರುವುದಿಲ್ಲ. ಮೀನಿನ ಹುಡುಗ ತಿನ್ನುವವರ ಮನೆಗೆ ಮಾತ್ರ. ಮಳೆ ಇರಲಿ, ಬಿಸಿಲಿರಲಿ, ಬೆಳಿಗ್ಗೆ ಬರುವುದು ಪೇಪರ್ ಹಾಕುವವನು ಒಬ್ಬನೇ. ನಿನ್ನೆ ಹಾಕಿದ ಪೇಪರ್ ಜಗಲಿಯಲ್ಲಿ ಹಾಗೇ ಬಿದ್ದಿದೆಯಾ, ಒಳಗೆ ಹೋಗಿದೆಯಾ ಅಂತ ಅವನಿಗೆ ಒಂದು ನೋಟದಲ್ಲಿ ಗೊತ್ತಾಗುತ್ತದೆ. ಎರಡು ದಿನದ್ದು ಹಾಗೇ ಬಿದ್ದಿದ್ದರೆ ಒಮ್ಮೆ ಕೂಗಬೇಕು, ಉತ್ತರ ಬಾರದಿದ್ದರೆ ಪಕ್ಕದ ಮನೆಗೋ ಏಜೆಂಟರಿಗೋ ಹೇಳಬೇಕು. ಇಷ್ಟೇ. ನಿಮ್ಮ ಏಜೆಂಟರಿಗೆಲ್ಲ ಈ ಒಂದು ಮಾತು ಹೇಳಿ ಕಳಿಸಿ. ಆ ಅಜ್ಜಿ ಪೇಪರ್ ತರಿಸುತ್ತಿರಲಿಲ್ಲ. ತರಿಸುವ ಎಷ್ಟೋ ಅಜ್ಜಅಜ್ಜಿಯರು ಉಡುಪಿಯಲ್ಲಿ, ಮಂಗಳೂರಿನಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಕೂಡ ಇದ್ದಾರೆ.

ನನ್ನ ಮನೆಗೆ ಹಾಕುವ ಹುಡುಗನಿಗೆ ನಾನೇ ಹೇಳಿ ಇಟ್ಟಿದ್ದೇನೆ. ಕಾಲೇಜಿಗೆ ಹೋಗುವ ಹುಡುಗ, ಆರೂಕಾಲಕ್ಕೆ ಬರುತ್ತಾನೆ. ಪೇಪರನ್ನು ಗೇಟಿನಿಂದ ಎಸೆಯುವುದಿಲ್ಲ, ಜಗಲಿಯ ತನಕ ಬರುತ್ತಾನೆ. "ಅಜ್ಜ, ಪೇಪರ್" ಅಂತ ಕೂಗಿ, ಒಳಗಿನಿಂದ ನಾನು "ಹಾಂ, ಬಂದೆ" ಅನ್ನುವ ತನಕ ಸೈಕಲ್ ತಿರುಗಿಸುವುದಿಲ್ಲ.

ಹೆಸರು ಹಾಕುವುದು ಬೇಡ.

ಇಂತಿ,
ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್
ಕಾಪು ತಾಲೂಕು, ಉಡುಪಿ ಜಿಲ್ಲೆ